ಅವನ ಆರು, ಅವಳ ಆರು

ಎಡಗಣ್ಣಿನ ಮುಂದಿದ್ದ ಗಾಜನ್ನು ತೆಗೆದು ಇನ್ನೊಂದನ್ನು ಪರೀಕ್ಷೆಯ ಚೌಕಟ್ಟಿನ ಸೀಳಿನಲ್ಲಿ ಇಳಿಬಿಡುವಾಗ ಅವಳ ಕೋಟಿನ ಜೇಬಿನಲ್ಲಿ ಮೊಬೈಲು ಒಮ್ಮೆ ಗುರುಗುಟ್ಟಿ ಸುಮ್ಮನಾಯಿತು. ಅದನ್ನು ಕಿವಿಗೆ ಹಾಕಿಕೊಳ್ಳದೆ, "ಈಗ ನೋಡಿ. ಆಗಿನದು ಚೆನ್ನಾಗಿತ್ತೋ, ಇದೋ?" ಎಂದು ಕೇಳಿದಳು. ಕುರ್ಚಿಯಲ್ಲಿ ಕೂತ ಹೊಲಿಗೆಯಾಕೆ ಸೂಜಿಗೆ ದಾರ ಪೋಣಿಸುವವಳಂತೆ ಕತ್ತು ಮುಂದೆ ಚಾಚಿ, "ಇದೇ ವಾಸಿ ಮೇಡಂ. ಎಷ್ಟೋ ವಾಸಿ" ಎಂದಳು. ಅವಳು ಇಟ್ಟದ್ದು ಪವರ್ ಇಲ್ಲದ ಬರಿ ಗಾಜು. ಕಿಟಕಿಗೆ ಹಾಕಿದರೂ ನಡೆಯುತ್ತಿತ್ತು. ಈ ಕುರ್ಚಿಯಲ್ಲಿ ಕೂತವರಲ್ಲಿ ಕೆಲವರಿಗೆ ತಮಗೆ ಏನು ಕಾಣುತ್ತಿದೆ ಎನ್ನುವುದಕ್ಕಿಂತ, ಏನು ಹೇಳಿದರೆ ಎದುರಿಗಿದ್ದವರಿಗೆ ಸಮಾಧಾನವಾದೀತು ಎನ್ನುವುದೇ ದೊಡ್ಡದಾಗಿಬಿಡುತ್ತದೆ. ಅಂಥವರನ್ನು ಅವಳು ಗುರುತಿಸುವುದು ಹೀಗೆ. ಬರಿ ಗಾಜಿಗೂ ವಾಸಿ ಎಂದವರ ಪರೀಕ್ಷೆಯನ್ನು ಮತ್ತೆ ಮೊದಲಿನಿಂದ ಶುರು ಮಾಡಬೇಕು, ಅವರಿಗೆ ಗೊತ್ತಾಗದ ಹಾಗೆ. "ಅವಸರ ಇಲ್ಲ, ನಿಧಾನವಾಗಿ ಹೇಳಿ. ಇದರಲ್ಲಿ ತಪ್ಪು ಉತ್ತರ ಅಂತ ಇಲ್ಲ" ಎಂದಳು. "ಅಯ್ಯೋ, ಹಾಗಂತ ಹೇಳಿಯೇ ಅಲ್ವಾ ಮೇಡಂ ಎಲ್ಲರೂ ಫೇಲ್ ಮಾಡೋದು" ಎಂದು ಹೊಲಿಗೆಯಾಕೆ ನಕ್ಕಳು. ಅವಳಿಗೂ ನಗು ಬಂತು. ಈ ಕೆಲಸದಲ್ಲಿ ಅವಳಿಗೆ ಇನ್ನೂ ಬೇಸರ ಬರದೇ ಇರುವುದು ಇದೊಂದರಿಂದಲೇ ಇರಬೇಕು. ಜನ ತಮ್ಮ ಕಣ್ಣಿನ ವಿಷಯದಲ್ಲಿಯೂ ಸುಳ್ಳು ಹೇಳುತ್ತಾರೆ, ಅದೂ ದುಡ್ಡು ಕೊಟ್ಟು ಕೂತು.

ಕೋಣೆ ಎಂದರೆ ಕನ್ನಡಕದ ಅಂಗಡಿಯ ಹಿಂಬದಿಯ ಕಿಷ್ಕಿಂಧೆ. ಅಕ್ಷರದ ಹಲಗೆಯನ್ನು ಬೇಕಾದಷ್ಟು ದೂರದಲ್ಲಿ ತೂಗುಹಾಕಲು ಜಾಗವಿಲ್ಲದ್ದರಿಂದ ಅದನ್ನು ಕುರ್ಚಿಯ ಹಿಂದಿನ ಗೋಡೆಗೆ ಹೊಡೆದು, ಎದುರಿನ ಗೋಡೆಗೆ ಕನ್ನಡಿ ಹಾಕಿದ್ದರು. ಹಲಗೆಯ ಮೇಲೆ ಅಕ್ಷರಗಳು ತಿರುವುಮುರುವಾಗಿ ಅಚ್ಚಾಗಿದ್ದವು. ಕೂತವರಿಗೆ ಅವು ಕನ್ನಡಿಯಲ್ಲಿ ನೆಟ್ಟಗಾಗುತ್ತಿದ್ದವು. ಅವಳು ಮಾತ್ರ ಇಷ್ಟು ವರ್ಷ ಎರಡರ ನಡುವೆ ನಿಂತೂ ನಿಂತೂ ಯಾವುದು ನೆಟ್ಟಗೆ, ಯಾವುದು ತಿರುವು ಎಂಬ ಭೇದವನ್ನೇ ಕಳೆದುಕೊಂಡಿದ್ದಳು. ಬಸ್ಸಿನ ಗಾಜಿನ ಮೇಲಿನ ಬರಹವನ್ನು ಒಳಗಡೆಯಿಂದ ಓದಿ, ಓದಿದೆ ಎಂಬುದೇ ಅರಿವಾಗದೆ ಇಳಿದುಹೋಗುತ್ತಿದ್ದಳು. ತನಗೊಂದು ಉದ್ದನೆಯ ಕೋಣೆ ಬೇಕು. ಕನ್ನಡಿ ಇಲ್ಲದ, ಬಾಗಿಲ ಮೇಲೆ ತನ್ನದೇ ಫಲಕವಿರುವ ಕೋಣೆ. ತವರಿನ ಮನೆ ಮಾರಿದಾಗ ಅಣ್ಣ, ಇದು ನಿನ್ನ ಪಾಲು ಕಣಮ್ಮ ಎಂದು ಕೊಟ್ಟದ್ದನ್ನು ಅವಳು ಆ ಕೋಣೆಗೆಂದೇ ಎತ್ತಿಟ್ಟಿದ್ದಳು. ಎತ್ತಿಟ್ಟದ್ದು ಬ್ಯಾಂಕಿನಲ್ಲಲ್ಲ, ಗಂಡ ಹೇಳಿದನೆಂದು ಕ್ರಿಪ್ಟೋ ವಾಲೆಟ್ಟಿನಲ್ಲಿ. "ಬ್ಯಾಂಕಿನಲ್ಲಿಟ್ರೆ ಮಲಗಿರುತ್ತೆ ಕಣೆ, ಇಲ್ಲಿ ಓಡಾಡ್ತಿರುತ್ತೆ" ಎಂದಿದ್ದ ಅವನು. ಓಡಾಡುತ್ತಲೇ ಇತ್ತು, ಮೇಲಕ್ಕೂ ಕೆಳಕ್ಕೂ.

ಹೊಲಿಗೆಯಾಕೆ ಚೌಕಟ್ಟು ಆರಿಸಲು ಹೊರಗೆ ಹೋದ ಮೇಲೆ ಅವಳು ಮೊಬೈಲು ತೆಗೆದಳು. ವಾಲೆಟ್ಟಿಗೆಂದು ಇಬ್ಬರೂ ಸೇರಿ ಮಾಡಿಕೊಂಡಿದ್ದ ಮೇಲ್ ವಿಳಾಸಕ್ಕೆ ಒಂದು ಪತ್ರ ಬಂದಿತ್ತು. ಅದು ಅವಳ ಮೊಬೈಲಿಗೂ ಬರುತ್ತದೆ, ಗಂಡನದಕ್ಕೂ ಬರುತ್ತದೆ. "ಪ್ರಿಯ ಬಳಕೆದಾರರೇ, ಅಪರಿಚಿತರೊಬ್ಬರು ನಿಮ್ಮ ವಾಲೆಟ್ ತೆರೆಯಲು ಯತ್ನಿಸಿರುವುದು ನಮ್ಮ ಗಮನಕ್ಕೆ ಬಂದಿದೆ. ದಯವಿಟ್ಟು ಗಾಬರಿಯಾಗಬೇಡಿ. ಇಂದು ಸಂಜೆಯೊಳಗೆ ನಿಮ್ಮ ಹನ್ನೆರಡು ಪದಗಳನ್ನು ಕೆಳಗಿನ ಪುಟದಲ್ಲಿ ದೃಢೀಕರಿಸಿ. ಇಲ್ಲವಾದಲ್ಲಿ ನಿಮ್ಮ ಹಣವನ್ನು ತಡೆಹಿಡಿಯುವುದು ಅನಿವಾರ್ಯವಾಗುತ್ತದೆ. ನಿಮ್ಮ ಸುರಕ್ಷತೆಯೇ ನಮ್ಮ ಕಾಳಜಿ." ಅವಳು ಅದನ್ನು ಎರಡು ಸಲ ಓದಿದಳು. ಮೊದಲ ಸಲ ಹೆದರಿದ್ದು ನಿಜ. ಆದರೆ ಎರಡನೆಯ ಸಲ ಓದುವಾಗ ಅವಳ ಗಮನ ಹೋದದ್ದು ಆ 'ಗಾಬರಿಯಾಗಬೇಡಿ' ಎಂಬ ಮಾತಿನ ಕಡೆಗೆ. ಮೊದಲು ತಾವೇ ಗಾಬರಿಪಡಿಸಿ, ಆಮೇಲೆ ಕೈಹಿಡಿದು ಸಂತೈಸಿ, ಹಾಗೆಯೇ ಕೈಹಿಡಿದು ಎಲ್ಲಿಗೋ ನಡೆಸಿಕೊಂಡು ಹೋಗುವ ಮಾತು. ಚಿಕ್ಕವಳಿದ್ದಾಗ ಸೋದರತ್ತೆ ಹೀಗೆಯೇ ಮಾಡುತ್ತಿದ್ದಳು. ಬಾಗಿಲ ಹಿಂದೆ ಯಾರೋ ಇದ್ದಾರೆ ಎನ್ನುವಳು, ಬೆಚ್ಚಿಬಿದ್ದವಳನ್ನು ಸೊಂಟಕ್ಕೆ ಎತ್ತಿಕೊಂಡು ನಾನಿದೀನಲ್ಲ ಎನ್ನುವಳು, ಎತ್ತಿಕೊಂಡವಳೇ ಔಷಧಿ ಕುಡಿಸಿಬಿಡುವಳು. ಅತ್ತೆಯ ಸೊಂಟ ಎಷ್ಟು ಬೆಚ್ಚಗಿತ್ತು ಎಂದರೆ ಔಷಧಿಯ ಕಹಿ ಗೊತ್ತಿದ್ದೂ ಪ್ರತಿ ಸಲವೂ ಅವಳು ಬಾಗಿಲ ಕಡೆ ನೋಡಿ ಬೆಚ್ಚುತ್ತಿದ್ದಳು.

ಪತ್ರದ ನೆತ್ತಿಯ ಮೇಲಿನ ಗುರುತು ಸರಿಯಾಗಿಯೇ ಇತ್ತು, ಬಣ್ಣವೂ. ಕಳಿಸಿದವರ ವಿಳಾಸದ ಮೇಲೆ ಬೆರಳಿಟ್ಟು ನೋಡಿದಳು. ಮುಂದಿನ ಭಾಗದಲ್ಲಿ ವಾಲೆಟ್ ಕಂಪನಿಯ ಹೆಸರು, ಹಿಂದೆ ಬೇರೆ ಯಾರದೋ ಬಾಲ. 'ಇಲ್ಲಿ ದೃಢೀಕರಿಸಿ' ಎಂಬ ನೀಲಿ ಗುಂಡಿಯನ್ನು ಒತ್ತದೆ ಹಾಗೇ ಬೆರಳು ಊರಿ ಹಿಡಿದಾಗ ಅದು ಕರೆದೊಯ್ಯುವ ಪುಟದ ವಿಳಾಸ ತೆರೆದುಕೊಂಡಿತು. ಅಲ್ಲಿ ಕಂಪನಿಯ ಹೆಸರಿನ ಸುಳಿವೇ ಇರಲಿಲ್ಲ. ಈ ಉಪಾಯ ಅವಳು ಪಾರ್ಸೆಲ್ಲಿನ ಪ್ರಕರಣವಾದ ಮೇಲೆ ಕಲಿತದ್ದು. ನಿಮ್ಮ ಪಾರ್ಸೆಲ್ ಬಂದಿದೆ, ವಿಳಾಸ ಸರಿಪಡಿಸಿ ಎಂಬ ಸಂದೇಶಕ್ಕೆ ಅವಳು ಬಸ್ಸಿನಲ್ಲಿ ನಿಂತುಕೊಂಡೇ ಬೆರಳು ಒತ್ತಿಬಿಟ್ಟಿದ್ದಳು. ಹೋದದ್ದು ಹೆಚ್ಚೇನಲ್ಲ, ಒಂದು ಜೊತೆ ಚಪ್ಪಲಿಯ ಬೆಲೆ. ಆದರೆ ಗಂಡ ಅದನ್ನು ಮದುವೆಗಳಲ್ಲಿ, ಹುಟ್ಟುಹಬ್ಬಗಳಲ್ಲಿ, ಒಮ್ಮೆ ಆಸ್ಪತ್ರೆಯ ಮೊಗಸಾಲೆಯಲ್ಲಿಯೂ ಹೇಳಿ ನಗಿಸಿದ್ದ. ಅವಳ ದನಿಯನ್ನು ಅನುಕರಿಸಿ, ಕಣ್ಣರಳಿಸಿ, "ರೀ, ನಮಗೊಂದು ಪಾರ್ಸೆಲ್ ಬಂದಿದೆಯಂತೆ!" ಎನ್ನುತ್ತಿದ್ದ. ಕತೆಯಲ್ಲಿ ಅವಳು ಬರಬರುತ್ತಾ ಇನ್ನಷ್ಟು ಪೆದ್ದಿಯಾಗುತ್ತಾ, ಪಾರ್ಸೆಲ್ಲು ಇನ್ನಷ್ಟು ದೊಡ್ಡದಾಗುತ್ತಾ ಹೋಗಿತ್ತು. ಅವಳೂ ನಗುತ್ತಿದ್ದಳು. ನಗದಿದ್ದರೆ ಅದೇ ಇನ್ನೊಂದು ಕತೆಯಾದೀತು.

ಆದರೂ ಅವಳಿಗೆ ಮೇಲ್ ಅಳಿಸಿಹಾಕಲು ಮನಸ್ಸಾಗಲಿಲ್ಲ. ಇದನ್ನು ಬರೆದವರು ಎಲ್ಲಿ ಕೂತಿರಬಹುದು? ಹೆಂಗಸಿರಬಹುದೇ? 'ಅನಿವಾರ್ಯವಾಗುತ್ತದೆ' ಎಂದು ಬರೆಯುವಾಗ ಪಾಪ ಎನ್ನಿಸಿರಬಹುದೇ, ಅಥವಾ ಅವಳು ಬರಿ ಗಾಜು ಇಟ್ಟು ಮುಖ ನೋಡುವ ಹಾಗೆ, ಯಾರು ಹೂಂ ಎನ್ನುತ್ತಾರೆ ನೋಡೋಣ ಎಂಬ ಕುತೂಹಲವಷ್ಟೇ ಇರಬಹುದೇ? ಈ ಯೋಚನೆಯಿಂದ ಅವಳಿಗೇ ಕಸಿವಿಸಿಯಾಯಿತು. ಸಂಜೆ ಮನೆಯಲ್ಲಿ ಗಂಡನಿಗೆ ಹೇಳಿದರಾಯಿತು ಎಂದುಕೊಂಡು ಮೊಬೈಲನ್ನು ಜೇಬಿಗಿಳಿಸಿದಳು.

ಸಂಜೆಯವರೆಗೆ ಅವನು ಕಾಯಲಿಲ್ಲ. ಮಧ್ಯಾಹ್ನ ಅಂಗಡಿಯ ಬಾಗಿಲು ದೂಡಿಕೊಂಡು, ಚೌಕಟ್ಟುಗಳ ಸಾಲಿನ ನಡುವೆ ಲ್ಯಾಪ್‌ಟಾಪ್ ಚೀಲವನ್ನು ಎದೆಗವಚಿಕೊಂಡು ಬಂದ. ಅವನು ಕಾರ್ಖಾನೆಗಳಲ್ಲಿ, ಕಚೇರಿಗಳಲ್ಲಿ ಬೆಂಕಿ ಬಿದ್ದರೆ ಏನು ಮಾಡಬೇಕೆಂದು ಕಲಿಸುವವನು. ಗಂಟೆ ಬಾರಿಸಿ, ಜನರನ್ನು ಮೆಟ್ಟಿಲಿಳಿಸಿ, ಬಯಲಿನಲ್ಲಿ ಸಾಲಾಗಿ ನಿಲ್ಲಿಸಿ, "ಓಡಬೇಡಿ, ನಡೀರಿ. ಓಡಿದವನೇ ಮೊದಲು ಬೀಳೋದು" ಎಂದು ದಿನಕ್ಕೆ ಹತ್ತು ಬಾರಿ ಕೂಗುವವನು. ಅವನ ತಂಗಿ ಅವನಿಗೆ ಇಟ್ಟ ಹೆಸರು ಸೈರನ್. ಆ ಸೈರನ್ನು ಈಗ ಉಸಿರು ಬಿಡುತ್ತಾ, "ಮೇಲ್ ನೋಡಿದೆಯಾ? ಎಷ್ಟು ಸಲ ಫೋನ್ ಮಾಡೋದು ನಿನಗೆ? ನಿನ್ನ ಆರು ಬೇಕು ಈಗ" ಎಂದಿತು.

"ನೋಡಿದೆ. ಅದು ಯಾಕೋ ಸರಿ ಕಾಣ್ತಿಲ್ಲ ರೀ."

"ಸರಿ ಕಾಣೋಕೆ ಅದೇನು ಕನ್ನಡಕವಾ? ಸಂಜೆಯೊಳಗೆ ಅಂತ ಬರೆದಿದಾರೆ. ಯಾರೋ ಬೀಗ ಅಲ್ಲಾಡಿಸ್ತಿದಾರೆ ಕಣೆ ಅಲ್ಲಿ."

"ಕಳಿಸಿದವರ ವಿಳಾಸ ಒಂದ್ಸಲ ನೋಡಿ. ಅವರೇನಾ ಅಂತ..."

"ಪಾರ್ಸೆಲ್ಲಮ್ಮಾ," ಅವನು ಲ್ಯಾಪ್‌ಟಾಪನ್ನು ಅವಳ ಮೇಜಿನ ಮೇಲಿಟ್ಟು ಬಿಚ್ಚುತ್ತಾ ನಕ್ಕ. ಆ ನಗೆಯಲ್ಲಿ ಹಂಗಿಸುವ ಉದ್ದೇಶವೇನೂ ಇರಲಿಲ್ಲ, ಅದೇ ಅವಳಿಗೆ ಹೆಚ್ಚು ಚುಚ್ಚಿತು. "ಯಾವುದು ಅಸಲಿ ಯಾವುದು ನಕಲಿ ಅಂತ ನೀನು ನನಗೆ ಹೇಳ್ಕೊಡ್ತೀಯಾ? ಬಾ, ಬೇಗ. ಡ್ರಿಲ್ ಅಂದ್ಕೋ."

ಡ್ರಿಲ್ ಎನ್ನುವುದು ಅವರಿಬ್ಬರ ಮಾತು. ವಾಲೆಟ್ ತೆರೆದ ದಿನ ಪರದೆಯ ಮೇಲೆ ಒಂದಕ್ಕೊಂದು ಸಂಬಂಧವಿಲ್ಲದ ಹನ್ನೆರಡು ಪದಗಳು ಮೂಡಿದ್ದವು. ಈ ಹನ್ನೆರಡನ್ನು ಇದೇ ಕ್ರಮದಲ್ಲಿ ಹೇಳಬಲ್ಲವನೇ ಹಣದ ಒಡೆಯ. ಮರೆತರೆ ದೇವರೇ ಬಂದರೂ ಬಾಗಿಲು ತೆರೆಯದು. ಆಗ ಗಂಡನಿಗೇ ಒಂದು ಏರ್ಪಾಡು ಹೊಳೆದಿತ್ತು. ಮೊದಲ ಆರು ಅವನಿಗೆ, ಕೊನೆಯ ಆರು ಅವಳಿಗೆ. ಅವನು ಕಲಿಯುವಾಗ ಕೆಳಗಿನ ಅರ್ಧಕ್ಕೆ ದಿನಪತ್ರಿಕೆ ಮುಚ್ಚಿದ್ದರು, ಅವಳು ಕಲಿಯುವಾಗ ಮೇಲಿನ ಅರ್ಧಕ್ಕೆ. ಎಲ್ಲಿಯೂ ಬರೆದಿಡಬಾರದು, ಒಬ್ಬರಿಗೊಬ್ಬರು ಹೇಳಬಾರದು. ಆಮೇಲೆ ವಾಲೆಟ್ಟನ್ನು ಯಂತ್ರದಿಂದಲೇ ಅಳಿಸಿಹಾಕಿದರು. ಪದಗಳು ಗೊತ್ತಿದ್ದರೆ ಯಾವ ಯಂತ್ರದಲ್ಲಾದರೂ ಹಣ ಮತ್ತೆ ಸಿಗುತ್ತದೆ. ವರ್ಷಕ್ಕೊಮ್ಮೆ ಮತ್ತೆ ಹಾಕಿ, ಇಬ್ಬರೂ ಕೂತು, ಒಬ್ಬರು ಬೆರಳಚ್ಚಿಸುವಾಗ ಇನ್ನೊಬ್ಬರು ಗೋಡೆಯ ಕಡೆ ಮುಖ ಮಾಡಿ ನಿಂತು, ಬಾಗಿಲು ತೆರೆಯುತ್ತದೆಯೇ ಎಂದು ನೋಡಿ, ಮತ್ತೆ ಅಳಿಸುವುದು. ಒಂದು ವರ್ಷ ಅವಳು ಎರಡು ಪದಗಳನ್ನು ಹಿಂದುಮುಂದು ಮಾಡಿದಾಗ ವಾಲೆಟ್ಟು ಕೆಂಪು ಗೆರೆ ಎಳೆದು ಮುಖಕ್ಕೆ ಹೊಡೆದಂತೆ ಇಲ್ಲ ಎಂದಿತ್ತು. "ನಿಜವಾದ ಬೆಂಕಿಯಾಗಿದ್ರೆ ಇಷ್ಟು ಹೊತ್ತಿಗೆ ಬೂದಿ ನೀನು" ಎಂದಿದ್ದ ಅವನು. ಜ್ವರ, ಹೆರಿಗೆ, ಸಾಲದ ಸುಳ್ಳು, ಗೊರಕೆ, ಇಷ್ಟು ವರ್ಷದಲ್ಲಿ ಒಬ್ಬರದೊಬ್ಬರು ನೋಡದೇ ಉಳಿದದ್ದು ಏನೂ ಇರಲಿಲ್ಲ. ಆರು ಪದಗಳಿಗಾಗಿ ಮಾತ್ರ ಗೋಡೆಯ ಕಡೆ ತಿರುಗುತ್ತಿದ್ದರು. ಅವಳಿಗೆ ಅದು ಮೊದಮೊದಲು ತಮಾಷೆಯಾಗಿತ್ತು. ಆಮೇಲೆ ಯಾಕೋ ಅವನ ಆರು ಪದಗಳು ಯಾವುವಿರಬಹುದು ಎಂಬುದು ಒಗ್ಗರಣೆಯ ಹೊಗೆಯ ನಡುವೆ, ಬಸ್ಸಿನ ಸಾಲಿನಲ್ಲಿ, ಸುಮ್ಮಸುಮ್ಮನೆ ತಲೆಗೆ ಬರತೊಡಗಿತು. ಹಣಕ್ಕಾಗಿ ಅಲ್ಲ. ತನ್ನ ಗಂಡನೊಳಗೆ ತನಗೆ ಗೊತ್ತಿಲ್ಲದ ಆರು ವಸ್ತುಗಳಿವೆ ಎಂಬ ಕಾರಣಕ್ಕೆ.

"ತಿರುಗು" ಎಂದ ಅವನು.

ಮೇಜು ಅಕ್ಷರದ ಹಲಗೆಯ ಕೆಳಗಿತ್ತು. ಅವನು ಆ ಗೋಡೆಗೆ ಮುಖ ಮಾಡಿ ಕೂತಿದ್ದ. ಅವಳು ಅವನಿಗೆ ಬೆನ್ನು ಮಾಡಿ ತಿರುಗಿದಳು. ತಿರುಗಿದ ಕಡೆ ಇದ್ದದ್ದು ಕನ್ನಡಿ. ಅದರಲ್ಲಿ ಅವನ ಬೋಳಾಗುತ್ತಿರುವ ನೆತ್ತಿ, ಭುಜದಾಚೆ ಬೆಳಗುತ್ತಿರುವ ಪರದೆ, ಪರದೆಯ ಮೇಲೆ ಹೆಬ್ಬೆರಳಿನಷ್ಟು ದೊಡ್ಡ ಅಕ್ಷರಗಳು. ಓದುವ ಕನ್ನಡಕ ಬೇಕೆಂದು ಅವಳು ಮೂರು ವರ್ಷದಿಂದ ಹೇಳುತ್ತಿದ್ದಳು. ಹಾಕಿದರೆ ತಾತನಾಗುತ್ತೇನೆಂದು ಅವನು ಅಕ್ಷರಗಳನ್ನೇ ಹಿಗ್ಗಿಸಿಕೊಂಡಿದ್ದ. ಮನೆಯಲ್ಲಿ ಡ್ರಿಲ್ಲಿನ ಹೊತ್ತು ಅವಳು ಗೋಡೆಯ ಮುಂದೆ ನಿಂತು ಮೇಲಿಂದ ಕಣ್ಣನ್ನೂ ಮುಚ್ಚಿಕೊಳ್ಳುತ್ತಿದ್ದಳು. ಯಾರೂ ಹೇಳಿರಲಿಲ್ಲ, ಅವಳದೇ ಒಂದು ಮರ್ಯಾದೆ. ಈಗಲೂ ಮುಚ್ಚಿಕೊಳ್ಳಬಹುದಿತ್ತು. ರೆಪ್ಪೆಗಳು ಭಾರವಾದವು, ಅರ್ಧಕ್ಕೆ ಇಳಿದವು, ಅಲ್ಲಿಯೇ ನಿಂತವು. ಪಾರ್ಸೆಲ್ಲಮ್ಮ ಎಂದಿದ್ದ. ಹಾಗೆಂದದ್ದಕ್ಕೆ ನೋಡಿದೆ ಎಂದು ಆಮೇಲೆ ತನಗೆ ತಾನೇ ಹೇಳಿಕೊಳ್ಳಬಹುದು ಎಂಬುದು ಆ ಕ್ಷಣದಲ್ಲಿಯೇ ಅವಳಿಗೆ ಗೊತ್ತಿತ್ತು. ಅದು ನಿಜವಲ್ಲ ಎಂಬುದೂ ಗೊತ್ತಿತ್ತು. ಅವಳು ನೋಡಿದ್ದು ನೋಡಬೇಕೆನ್ನಿಸಿದ್ದರಿಂದ.

ಏಣಿ. ಉಪ್ಪು. ಅನಾಥ. ಕೊಡೆ. ಹಿಮ. ಬಾತುಕೋಳಿ. ತಿರುವುಮುರುವಾಗಿದ್ದ ಅವು ಒಂದೊಂದಾಗಿ ಅವಳ ಕಣ್ಣಿನಲ್ಲಿ ತಾವಾಗಿಯೇ ನೆಟ್ಟಗಾದವು. ಮೊದಲು ಅವಳಿಗೆ ನಿರಾಸೆಯಾಯಿತು, ಇಷ್ಟೇನಾ ಎಂದು. ಆಮೇಲೆ, ಬೆಳಿಗ್ಗೆ ಹಲ್ಲುಜ್ಜುವಾಗ ಅವನು ಗುನುಗುವ ಆ ಹಾಡಲ್ಲದ ಹಾಡು, ಆರು ಹೊಡೆತಕ್ಕೆ ನಿಂತು ಮತ್ತೆ ಶುರುವಾಗುವ ಗುನುಗು, ಇದ್ದಕ್ಕಿದ್ದಂತೆ ಅರ್ಥ ತುಂಬಿಕೊಂಡಿತು. ಇಷ್ಟು ವರ್ಷ ಬಾಯಿ ತುಂಬ ನೊರೆ ಇಟ್ಟುಕೊಂಡು ಅವನು ಜೋಪಾನ ಮಾಡುತ್ತಿದ್ದದ್ದು ಒಂದು ಬಾತುಕೋಳಿಯನ್ನು. ಅವಳು ಕೈಯನ್ನು ಬಾಯಿಗೆ ಒತ್ತಿಕೊಂಡಳು. ನಗುವೋ ಏನೋ.

"ಮುಗೀತು. ಈಗ ನೀನು." ಅವನು ಎದ್ದು, ತನ್ನ ಆರನ್ನು ಚುಕ್ಕಿಗಳಾಗಿ ಮರೆಮಾಡಿ, ಮೂಲೆಗೆ ಹೋಗಿ, ಶಿಕ್ಷೆಗೆ ನಿಂತ ಹುಡುಗನಂತೆ ಗೋಡೆಗೆ ಮೂಗು ತಾಗಿಸಿ ನಿಂತ. ಅವನು ಮೋಸ ಮಾಡುವವನಲ್ಲ. ಕಣ್ಣನ್ನೂ ಮುಚ್ಚಿಕೊಂಡಿದ್ದಾನೆಂದು ಬೆನ್ನು ನೋಡಿಯೇ ಹೇಳಬಹುದಿತ್ತು. ಅವಳು ಕೂತಳು. ಪುಟ ಚೆನ್ನಾಗಿತ್ತು, ಶುಭ್ರವಾಗಿತ್ತು, ಆರು ಖಾಲಿ ಚೌಕಗಳು ಅವಳಿಗಾಗಿ ಕಾದಿದ್ದವು. ಮಾತಿನಲ್ಲಿ ಹೇಳಿದರೆ ಅವನು ಕೇಳುವುದಿಲ್ಲ. ವಿಳಾಸದ ಬಾಲ ತೋರಿಸಿದರೆ ಅದಕ್ಕೊಂದು ಕಾರಣ ಹುಡುಕುತ್ತಾನೆ. ಅವಳ ಕೈ ತಾನಾಗಿಯೇ ದಿನನಿತ್ಯದ ಕೆಲಸ ಮಾಡಿತು. ಸುತ್ತಲೂ ಕಂಡದ್ದನ್ನೇ ಒಂದೊಂದಾಗಿ ತುಂಬಿದಳು. ಕುರ್ಚಿ. ಕನ್ನಡಿ. ಪರದೆ. ದೀಪ. ಗೋಡೆ. ಬಾಗಿಲು. ಅವಳ ಆರರಲ್ಲಿ ಇವು ಒಂದೂ ಇರಲಿಲ್ಲ. ಅಸಲಿ ಬೀಗವಾದರೆ ಕೆಂಪು ಗೆರೆ ಎಳೆದು ಇಲ್ಲ ಎನ್ನಬೇಕು. ಗುಂಡಿ ಒತ್ತಿದಳು. ಒಂದು ಚಕ್ರ ಸುತ್ತಿತು. ಅವಳು ಎದುರಿಗಿರುವ ಮುಖ ನೋಡುವಂತೆ ಪರದೆಯನ್ನು ನೋಡಿದಳು. ಹಸಿರು ಗುರುತು ಮೂಡಿತು. "ಅಭಿನಂದನೆಗಳು! ನಿಮ್ಮ ವಾಲೆಟ್ ಈಗ ಸಂಪೂರ್ಣ ಸುರಕ್ಷಿತವಾಗಿದೆ."

ಎಷ್ಟೋ ವಾಸಿ ಮೇಡಂ, ಎಂದಂತಾಯಿತು.

"ಆಯ್ತಾ?" ಗೋಡೆಯ ಕಡೆಯಿಂದಲೇ ಕೇಳಿದ.

"ಆಯ್ತು."

ಅವನು ತಿರುಗಿ, ಹಸಿರು ಗುರುತನ್ನು ನೋಡಿ, ಹೊತ್ತ ಮೂಟೆ ಇಳಿಸಿದವನಂತೆ ಕುರ್ಚಿಯಲ್ಲಿ ಕುಸಿದ. "ಅಬ್ಬಾ. ಬೆಳಗಿಂದ ಹೊಟ್ಟೆಗೆ ನೀರೂ ಇಳಿದಿಲ್ಲ ಕಣೆ. ನಿನ್ನ ತವರಿನ ದುಡ್ಡು. ಹೋಗಿದ್ರೆ ನಿಮ್ಮಣ್ಣನ ಮುಖ ಹೇಗೆ ನೋಡ್ತಿದ್ದೆ?" ಅವಳು ಬಾಯಿ ತೆರೆದಳು. ಇದು ಸುಳ್ಳು ಪುಟ, ನಾನು ಕುರ್ಚಿ ಕನ್ನಡಿ ಬರೆದರೂ ಸರಿ ಎಂದಿತು, ನಿಮ್ಮ ಆರೂ ಯಾರದೋ ಪಾಲಾದವು. ಇಷ್ಟನ್ನು ಹೇಳಬೇಕಿತ್ತು. ಆದರೆ ಹಾಗೆ ಹೇಳಿದರೆ, ಸರಿ ಹಾಗಾದರೆ ಈಗಲೇ ಇಬ್ಬರೂ ಕೂತು ಹೊಸ ವಾಲೆಟ್ಟಿಗೆ ಬದಲಿಸೋಣ ಎನ್ನುತ್ತಾನೆ. ಮತ್ತೆ ಆರು ಅವನಿಗೆ, ಆರು ಇವಳಿಗೆ. ಬೆಳಗಿಂದ ನೀರೂ ಇಳಿಯದ ಅವನ ಗಂಟಲಿನ ಆ ಮೂಳೆ ಮೇಲೆ ಕೆಳಗೆ ಆಡುತ್ತಿತ್ತು. ಅವಳು ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿ ಕೊಟ್ಟಳು. ಅವನು ಗಟಗಟನೆ ಕುಡಿದು, ಅಂಗಿಯ ತೋಳಿನಿಂದ ಬಾಯಿ ಒರೆಸಿಕೊಂಡು, ಬಟ್ಟೆ ಕಾರ್ಖಾನೆಯಲ್ಲಿ ಗಂಟೆ ಬಾರಿಸಬೇಕೆಂದು ಎದ್ದು ಹೋದ.

ಅವಳು ಒಳಗಿನಿಂದ ಚಿಲಕ ಹಾಕಿದಳು. ಆ ಎಲ್ಲೋ ಕೂತವರ ಮುಂದೆ ಈಗ ಆರು ಅಸಲಿ ಪದಗಳೂ ಈ ಕೋಣೆಯ ಆರು ಸಾಮಾನುಗಳೂ ಬಿದ್ದಿರುತ್ತವೆ. ಹಾಕಿ ನೋಡುತ್ತಾರೆ, ತೆರೆಯುವುದಿಲ್ಲ. ಕ್ರಮ ಬದಲಿಸಿ ಮತ್ತೆ ಹಾಕಿ ನೋಡುತ್ತಾರೆ. ಏಣಿ, ಉಪ್ಪು, ಅನಾಥ, ಕೊಡೆ, ಹಿಮ, ಬಾತುಕೋಳಿ, ಆಮೇಲೆ ಇದ್ದಕ್ಕಿದ್ದಂತೆ ಒಂದು ಕುರ್ಚಿ. ಅವರಿಗೆ ಏನೆನ್ನಿಸೀತು? ಒಂದು ಕ್ಷಣವಾದರೂ, ಯಾರೋ ನಮ್ಮ ಕಡೆ ನೋಡುತ್ತಿದ್ದಾರೆ ಎನ್ನಿಸೀತೇ? ಅವಳಿಗೆ ಅವರ ಮುಖ ನೋಡುವ ಆಸೆಯಾಯಿತು. ಆದರೆ ಅರ್ಧ ಕೀಲಿ ಹೊರಗೆ ಬಿದ್ದ ಮೇಲೆ ಹಣವನ್ನು ಆ ವಾಲೆಟ್ಟಿನಲ್ಲಿ ಬಿಡುವಂತಿಲ್ಲ. ಪತ್ರದ ದಾರಿಯಿಂದಲ್ಲ, ಡ್ರಿಲ್ಲಿನ ದಿನಗಳಲ್ಲಿ ಹಾಕುತ್ತಿದ್ದ ದಾರಿಯಿಂದಲೇ ತನ್ನ ಮೊಬೈಲಿಗೆ ವಾಲೆಟ್ಟನ್ನು ತರಿಸಿಕೊಂಡು, ಅವಳು ಅವನ ಆರನ್ನು ಬೆರಳಚ್ಚಿಸಿದಳು, ಆಮೇಲೆ ತನ್ನ ಆರನ್ನು. ಬಾಗಿಲು ಸದ್ದಿಲ್ಲದೆ ತೆರೆಯಿತು. ಮೊಟ್ಟಮೊದಲ ಬಾರಿಗೆ ಅವಳೊಬ್ಬಳೇ ಒಳಗೆ ನಿಂತಿದ್ದಳು. ಎಲ್ಲವೂ ಇದ್ದಲ್ಲಿಯೇ ಇತ್ತು. ಬೇರೆಯವರ ಮನೆಗೆ ಅವರಿಲ್ಲದಾಗ ಹೊಕ್ಕಂತೆ ಅವಳಿಗೆ ಅಳುಕಾಯಿತು, ಮರುಗಳಿಗೆಯೇ, ಇದು ನನ್ನದೇ ಅಲ್ಲವೇ ಎನ್ನಿಸಿ ಇನ್ನಷ್ಟು ಅಳುಕಾಯಿತು. ಹೊಸ ವಾಲೆಟ್ಟು ತೆರೆದಳು. ಹೊಸ ಹನ್ನೆರಡು ಪದಗಳು ಮೂಡಿದವು. ಮೇಲಿನ ಅರ್ಧವನ್ನು ಮುಚ್ಚಲು ಅವಳ ಎಡಗೈ ಅಭ್ಯಾಸಬಲದಿಂದ ಎದ್ದಿತು, ಮುಚ್ಚಿಕೊಳ್ಳಬೇಕಾದದ್ದು ಯಾರಿಂದ ಎಂದು ಹೊಳೆದು ಹಾಗೇ ಗಾಳಿಯಲ್ಲಿ ನಿಂತಿತು. ಆಮೇಲೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಹನ್ನೆರಡನ್ನೂ ಓದಿದಳು. ತುಟಿ ಅಲುಗಿಸುತ್ತಾ, ಮಗ್ಗಿ ಕಲಿಯುವವಳಂತೆ. ಹಣ ಈ ಮನೆಯಿಂದ ಆ ಮನೆಗೆ ಹೋಗುವಷ್ಟು ಹೊತ್ತಿನಲ್ಲಿ ಅವು ಬಾಯಿಗೆ ಬಂದವು. ಹೊರಗೆ ಯಾರೋ ಬಾಗಿಲು ತಟ್ಟಿದರು. "ಬಂದೆ, ಬಂದೆ" ಎಂದು ಚಿಲಕ ತೆಗೆದಳು. ಹೊಲಿಗೆಯಾಕೆ ಎರಡು ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು. "ಯಾವುದು ನನಗೆ ಒಪ್ಪುತ್ತೆ ಮೇಡಂ? ಬೆಳಗಿಂದ ಇವೆರಡರಲ್ಲೇ ಸುತ್ತಾಡ್ತಿದೀನಿ. ನಿಜ ಹೇಳಿ." ಅವಳು ನಿಜವನ್ನೇ ಹೇಳಿದಳು. ಎರಡೂ ಒಪ್ಪುವುದಿಲ್ಲ ಎಂದಳು.

ಸಂಜೆ ನಾದಿನಿ ಬಂದಿದ್ದಳು. ದೂರವಾಣಿ ಕಂಪನಿಯ ದೂರು ವಿಭಾಗದ ಕೌಂಟರಿನಲ್ಲಿ ಕೂರುವವಳು. ದಿನವಿಡೀ ಬೈಸಿಕೊಂಡು ದಣಿದ ದಿನ ಅಣ್ಣನ ಮನೆಗೆ ಊಟಕ್ಕೆ ಬಂದುಬಿಡುತ್ತಾಳೆ. ಕೈ ತೊಳೆದುಕೊಂಡು ಕೂತವಳೇ, "ಅತ್ತಿಗೆ, ಇವತ್ತೂ ಪಾರ್ಸೆಲ್ ಕತೆ ಇದೆಯಾ, ಇಲ್ಲ ನೆಮ್ಮದಿಯಾಗಿ ಉಣ್ಣಬಹುದಾ?" ಎಂದಳು.

"ಪಾರ್ಸೆಲ್ ಬಿಡೆ. ಇವತ್ತು ನಿಜವಾದ ಬೆಂಕಿನೇ ಬಿದ್ದಿತ್ತು" ಎಂದು ಗಂಡ ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡ. ಮೇಲ್ ಬಂದದ್ದು, ತರಗತಿಯನ್ನು ಅರ್ಧಕ್ಕೇ ಬಿಟ್ಟು ಓಡಿದ್ದು, "ಇವಳೋ ಅನುಮಾನ ಮಾಡ್ಕೊಂಡು ಕೂತಿದ್ಲು", ಕಡೆಗೆ ಹೇಗೆ ಸಂಜೆಯೊಳಗೆ ಎಲ್ಲ ದೃಢೀಕರಿಸಿದ್ದು. ಅವನ ಕತೆಗೆ ಆಗಲೇ ಒಂದು ಓಟ ಬಂದುಬಿಟ್ಟಿತ್ತು. ಮುಂದಿನ ಮದುವೆಯ ಹೊತ್ತಿಗೆ ಇದು ಪೂರ್ತಿ ಪಳಗಿರುತ್ತದೆ ಎಂದುಕೊಂಡಳು ಅವಳು.

ನಾದಿನಿಯ ತುತ್ತು ಅರ್ಧದಲ್ಲೇ ನಿಂತಿತು. "ಒಂದು ನಿಮಿಷ. ಹನ್ನೆರಡು ಪದಾನೂ ಮೇಲ್‌ನಲ್ಲಿ ಕೇಳಿದ್ರಾ? ನೀನು ಕೊಟ್ಯಾ?"

"ಕೊಡದೆ?"

"ಅಣ್ಣಾ, ಅದನ್ನ ಯಾವ ಕಂಪನಿಯವರೂ ಕೇಳಲ್ಲ ಕಣೋ. ನನ್ನ ಕೌಂಟರ್ ಮುಂದೆ ಅಳ್ತಾ ನಿಲ್ಲೋರೆಲ್ಲ ಹೇಳೋದು ಇದೇ ಮಾತು. ಸಂಜೆಯೊಳಗೆ ಅಂದ್ರು, ಕೊಟ್ಟೆ, ಸಂಜೆಯೊಳಗೆ ಎಲ್ಲಾ ಹೋಯ್ತು."

ಅವಳು ಗಂಡನ ಮುಖ ನೋಡಿದಳು. ನೋಡದೇ ಇರಲಾಗಲಿಲ್ಲ. ಮೊದಲು ನಗು ಹಾಗೇ ಉಳಿದು ಅದರ ಹಿಂದಿನದೆಲ್ಲ ಜಾರಿತು. ಆಮೇಲೆ ಕಿವಿಗಳು ಕೆಂಪಾದವು. ಅವನ ಕಣ್ಣು ತಂಗಿಯ ಕಡೆಯಿಂದ ಇವಳ ಕಡೆಗೆ ಬಂತು. ಏನಾದರೂ ಹೇಳು ಎಂದು ಬೇಡುವ ಹಾಗೆ, ಏನೂ ಹೇಳಬೇಡ ಎಂದು ಬೇಡುವ ಹಾಗೆ. ಬೇಕಿದ್ದರೆ ಈಗ ಅವಳು ಕತೆ ಹೇಳಬಹುದಿತ್ತು. ಅವನ ದನಿಯಲ್ಲಿ, ಕಣ್ಣರಳಿಸಿ, "ಯಾರೋ ಬೀಗ ಅಲ್ಲಾಡಿಸ್ತಿದಾರೆ ಕಣೆ!" ಎಂದು. ನಾದಿನಿ ಬಿದ್ದು ಬಿದ್ದು ನಗುತ್ತಿದ್ದಳು. ಆ ಕತೆಯ ರುಚಿ ಅವಳ ನಾಲಿಗೆಯ ಮೇಲೆ ಬಂದು ಕೂತಿತು. ಅದು ಎಷ್ಟು ಚೆನ್ನಾಗಿತ್ತೆಂದರೆ ಅವನು ಇಷ್ಟು ವರ್ಷ ಯಾಕೆ ಬಿಡಲಾರದೆ ಹೋದನೆಂದು ಅವಳಿಗೆ ಅರ್ಥವಾಯಿತು.

"ಹಾಗೇನಿಲ್ಲ" ಎಂದಳು. "ನಾನು ಆಮೇಲೆ ನೋಡಿದೆ. ಎಲ್ಲಾ ಹಾಗೇ ಇದೆ."

"ಹೇಗೆ ನೋಡಿದ್ರಿ ಅತ್ತಿಗೆ? ಇಬ್ರೂ ಕೂತ್ರೇನೇ ತೆರೆಯೋದು ಅಂತಿದ್ರಿ?"

"ಆ ಪುಟದಲ್ಲೇ ತೋರಿಸ್ತಮ್ಮ. ಇನ್ನೊಂಚೂರು ಬಡಿಸ್ಲಾ?"

ನಾದಿನಿ ಅವಳನ್ನೊಮ್ಮೆ ಅಣ್ಣನನ್ನೊಮ್ಮೆ ನೋಡಿ, ಇದು ಗಂಡಹೆಂಡಿರ ವಿಷಯ ಎಂದುಕೊಂಡಳೋ ಏನೋ, ತಟ್ಟೆ ಮುಂದೆ ಹಿಡಿದಳು. ಗಂಡ ಗಂಟಲು ಸರಿಪಡಿಸಿಕೊಂಡು, "ನೋಡಿದ್ಯಾ? ಎಲ್ಲರನ್ನೂ ನಿನ್ನ ಕೌಂಟರಿನವರು ಅಂದ್ಕೋಬೇಡ. ಮೋಸ ಹೋಗೋಕೆ ಇವಳ ಪಾರ್ಸೆಲ್ಲಿನ ಥರಾ..." ಎಂದು ಶುರುಮಾಡಿದ. ಕಣ್ಣರಳಿಸಿದ. ಅಲ್ಲಿಗೆ ನಿಂತ. ಬೆರಳುಗಳಿಂದ ತಟ್ಟೆಯ ಅಂಚನ್ನು ಸವರಿ, "ಬಿಡು, ಹಳೇ ಕತೆ" ಎಂದ.

ನಾದಿನಿ ಹೊರಟ ಮೇಲೆ ಅವಳು ಪಾತ್ರೆ ತೊಳೆಯತೊಡಗಿದಳು. ಅವನು ಎಂದೂ ಇಲ್ಲದ್ದು ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ಬಂದು ನಿಂತ. ಎರಡು ಲೋಟ ಒರೆಸಿದ. ಮೂರನೆಯದನ್ನು ಒರೆಸುತ್ತಲೇ ಇದ್ದ. "ನಿಜವಾಗ್ಲೂ ಇದೆಯಾ?" ಎಂದ, ಲೋಟದ ಒಳಗೆ ನೋಡುತ್ತಾ.

"ಇದೆ."

"ನೀನೇ ನೋಡಿದೆಯಾ? ಕಣ್ಣಾರೆ?"

"ಕಣ್ಣಾರೆ ನೋಡಿದೆ."

ಅವನು ತಲೆಯಾಡಿಸಿದ. ಇನ್ನೇನೋ ಕೇಳಲಿದ್ದಾನೆಂದು ಅವಳು ನಲ್ಲಿಯನ್ನು ಸಣ್ಣಗೆ ಮಾಡಿದಳು. ಕೇಳಿದರೆ ಸುಳ್ಳು ಹೇಳುವುದಿಲ್ಲ ಎಂದುಕೊಂಡಳು. ಕನ್ನಡಿಯನ್ನೂ ಹೇಳಿಬಿಡುವುದು, ಅರ್ಧಕ್ಕೆ ನಿಂತ ರೆಪ್ಪೆಯನ್ನೂ. ನೀರು ತೆಳ್ಳಗೆ ಬೀಳುತ್ತಿತ್ತು. ಅವನು ಲೋಟವನ್ನು ಬೆಳಕಿಗೆ ಹಿಡಿದು ನೋಡಿದ. ಲೋಟವನ್ನು ಕಪಾಟಿನಲ್ಲಿಟ್ಟು, ಅದನ್ನು ಸಾಲಿಗೆ ಸರಿಯಾಗಿ ಸರಿಸಿ, "ಸರಿ ಹಾಗಾದ್ರೆ" ಎಂದು, ಬಟ್ಟೆಯನ್ನು ಹಿಂಡಿ ಹರವಿ, ಒಳಗೆ ಹೋದ. ಒಬ್ಬಳೇ ಹೇಗೆ ನೋಡಿದೆ ಎಂದು ಮಾತ್ರ ಅವನು ಕೇಳಲಿಲ್ಲ. ಕೇಳಲು ಹೊಳೆಯಲಿಲ್ಲವೋ, ಹೊಳೆದೂ ಕೇಳಲಿಲ್ಲವೋ. ಇಷ್ಟು ವರ್ಷ ಜೊತೆಗಿದ್ದೂ ಎರಡರಲ್ಲಿ ಯಾವುದೆಂದು ಅವಳಿಗೆ ಹೇಳಲಾಗಲಿಲ್ಲ. ಎದುರಿಗಿದ್ದವರು ಏನನ್ನು ಕಂಡು ಏನನ್ನು ಕಾಣಲಿಲ್ಲವೆನ್ನುತ್ತಾರೆ ಎಂದು ತಿಳಿಯುವುದೇ ತನ್ನ ಕಸುಬಾಗಿದ್ದೂ.

ಹೊಸ ಹನ್ನೆರಡು ಪದಗಳು ಅವಳ ನಾಲಿಗೆಯ ಹಿಂದೆ ಸಾಲಾಗಿ ನಿಂತಿದ್ದವು. ಇವನ್ನು ಮುರಿದು ಅರ್ಧ ಕೊಡುವುದು ಬೇಡ. ಹೇಗೆ ನೋಡಿದೆ ಎಂದು ಅವನು ತಾನಾಗಿ ಕೇಳಿದ ದಿನ ಹನ್ನೆರಡನ್ನೂ ಅವನ ಮುಖ ನೋಡಿಕೊಂಡೇ ಹೇಳುವುದು, ಗೋಡೆಯ ಕಡೆ ತಿರುಗು ಎನ್ನದೆ. ಕೇಳದಿದ್ದರೆ ಇಲ್ಲ. ನಾಳೆಯೇ ಕೇಳಬಹುದು. ಮುಂದಿನ ಡ್ರಿಲ್ಲಿನವರೆಗೂ ಕೇಳದೆ ಇರಬಹುದು. ಅಲ್ಲಿಯವರೆಗೆ ತಾನು ಎಂಥ ಹೆಂಗಸಾಗಿರುತ್ತೇನೋ ಅದನ್ನೂ ನೋಡಿದ ಹಾಗಾಯಿತು. ಅವಳು ನಲ್ಲಿ ನಿಲ್ಲಿಸಿದಳು. ಒಳಗಿನಿಂದ ಅವನು, "ದೀಪ ಆರಿಸಲಾ, ಇನ್ನೂ ಕೆಲಸ ಇದೆಯಾ?" ಎಂದು ಕೂಗಿದ. "ಇರಲಿ" ಎಂದಳು.